ಐದು ನಿಮಿಷ ಮೊದಲು

ಚಳ್ಳಕೆರೆಯಲ್ಲಿ ಆಗ ಗಡಿಯಾರ ಯಾರಿಗೂ ಬೇಕಿರಲಿಲ್ಲ.
ಕೊಟ್ರಬಸಪ್ಪನವರ ಎಣ್ಣೆಮಿಲ್ಲು ಆರಕ್ಕೆ ಕೂಗಿದರೆ
ಊರು ಒಲೆ ಹಚ್ಚುತ್ತಿತ್ತು.
ಆ ಕೂಗಿನ ಗುಂಡಿ ಒತ್ತುತ್ತಿದ್ದವನು ನಾನು,
ದಿನಕ್ಕೆ ಮೂರು ಸಲ, ಬಲಗೈ ಹೆಬ್ಬೆರಳಲ್ಲಿ.

ರೈಲುಹಳಿಯ ಆಚೆ ನಾಗೇಶ್ವರ ಶೆಟ್ಟರ ಮಿಲ್ಲು ಎದ್ದಿತು.
ಅವರ ಹೊಗೆಕೊಳವೆ ನಮ್ಮದಕ್ಕಿಂತ ಒಂದು ಮೊಳ ಎತ್ತರ.
ಅಷ್ಟೇ. ಒಂದು ಮೊಳ.
ಹತ್ತು ಮೊಳ ಏರಿಸಿದ್ದರೆ ನಮ್ಮ ಯಜಮಾನರು
ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ;
ದೂರದವರ ಮೇಲೆ ಯಾರಿಗೆ ಹೊಟ್ಟೆಕಿಚ್ಚು?

ಮೊದಲ ದಿನ ಅವರ ಸೈರನ್ನು ಐದೂ ಐವತ್ತೈದಕ್ಕೆ.
ಮರುದಿನ ನಮ್ಮದು ಐದೂ ಐವತ್ತಕ್ಕೆ.
ದಸರೆ ಹೊತ್ತಿಗೆ ಐದು, ಸಂಕ್ರಾಂತಿಗೆ ನಾಲ್ಕೂವರೆ.
ಶಿವರಾತ್ರಿಯ ಜಾಗರಣೆ ಮುಗಿಸಿ ಅಡ್ಡಾದವರನ್ನು
ಮಗ್ಗುಲು ಬದಲಿಸುವ ಮೊದಲೇ ಎಬ್ಬಿಸಿದೆವು.
ಯುಗಾದಿಗೆ ಮೂರೂ ಹತ್ತು.
ಅದಕ್ಕೂ ಹಿಂದೆ ಸರಿದರೆ ನಿನ್ನೆ ಬಂದುಬಿಡುತ್ತದೆ ಎಂದು
ಅಲ್ಲಿ ನಿಂತೆವು.
ಕೋಳಿಗಳು ಸುಮ್ಮನಾದವು, ತಮಗಿನ್ನೇನು ಕೆಲಸ ಎಂಬಂತೆ.
ಹಾಲಿನ ಸಿದ್ದವ್ವ ಕತ್ತಲಲ್ಲಿ ಕೆಚ್ಚಲು ತಡಕುತ್ತ
ಎರಡೂ ಮಿಲ್ಲಿನ ವಂಶ ಸೇರಿಸಿ ಬೈದಳು;
ಆ ಬೈಗುಳದಲ್ಲಿ ಮಾತ್ರ ಅವು ಜೊತೆಯಾಗಿದ್ದವು.

ದರದ ಜಗಳ ಯಜಮಾನರದು. ನಮಗೇನಾಗಿತ್ತು?
ಕೂಲಿ ಎರಡೂ ಕಡೆ ಒಂದೇ,
ಹಿಂಡಿಯ ಧೂಳು ಎರಡೂ ಕಡೆಯ ಕೆಮ್ಮಿನಲ್ಲಿ ಒಂದೇ ಬಣ್ಣ.
ಆದರೂ ನಮ್ಮವರು ಗಂಗಣ್ಣನ ಹೋಟೆಲಲ್ಲಿ ಟೀ ಕುಡಿದರೆ
ಅವರು ಎದುರಿಗೆ, ಖಾಸಿಂ ಸಾಬರಲ್ಲಿ.
ಕಾಯಿ ಸುಲಿಯುವ ಹೆಂಗಸರು "ಆ ಮಿಲ್ಲಿನೋರು" ಅನ್ನುವಾಗ
ತುಟಿ ಒಂದು ಕಡೆಗೆ ಎಳೆದು ಅನ್ನುತ್ತಿದ್ದರು.
ಮೂರನೇ ಕ್ಲಾಸಿನ ನನ್ನ ಮಗ ತಿಪ್ಪೇಶ
ಹಣೆ ಒಡೆದುಕೊಂಡು ಬಂದ.
"ಅವ್ರ ಸೈರನ್ನೇ ಜೋರು ಅಂದ, ಹೊಡ್ದೆ."
ಬೈಯಬೇಕಿತ್ತು. ಬೆಲ್ಲ ಕೊಟ್ಟೆ.

ಆ ಕಡೆ ಗುಂಡಿ ಒತ್ತುವವನು ಓಬಳೇಶ ಅಂತ ಕೇಳಿದ್ದೆ.
ಮುಖ ನೋಡಿರಲಿಲ್ಲ; ಹೆಬ್ಬೆರಳು ಗೊತ್ತಿತ್ತು.
ಚಳಿಯ ದಿನ ಕೂಗು ತುಂಡಾಗಿ ಬರುತ್ತಿತ್ತು,
ಹಬ್ಬದ ಮರುದಿನ ಆಕಳಿಸುತ್ತ.
ಒಂದು ವಾರ ಬೇರೆ ಯಾರದೋ ಕೈ.
ಅವನ ಮನೇಲಿ ಏನೋ ಆಗೈತೆ, ಎಂದೆ ಹೆಂಡತಿಗೆ.
"ನಾನು ಜ್ವರದಲ್ಲಿ ಮಲಗಿದ್ದು
ನಿಂಗೆ ಮೂರು ದಿನ ತಿಳೀಲಿಲ್ಲ" ಅಂದಳು.
ನಿಜ.

ಶೇಂಗಾ ಬಿಡಿಸಿ ನೋಡಿ.
ಒಂದೇ ಸಿಪ್ಪೆಯೊಳಗೆ ಎರಡು ಬೀಜ,
ಒಂದಕ್ಕೊಂದು ಒತ್ತಿ ಬೆಳೆದ ಕಡೆ ಎರಡೂ ಚಪ್ಪಟೆ.
ಒಂದರ ಮುಖ ಇನ್ನೊಂದು ಒತ್ತಿದ ಅಚ್ಚು.
ಬೇರೆ ಮಾಡಿದ ಮೇಲೂ ಆ ಚಪ್ಪಟೆ ಹೋಗುವುದಿಲ್ಲ.
ಮೂವತ್ತು ವರ್ಷ ಮೂಟೆಗಟ್ಟಲೆ ನೋಡಿದ್ದೇನೆ,
ಇದಕ್ಕಿಂತ ಹೆಚ್ಚು ಕಲಿತದ್ದಿಲ್ಲ.

ಆಮೇಲೆ ತಾಳೆಯೆಣ್ಣೆ ಬಂತು, ಪಾಕೀಟಿನಲ್ಲಿ, ಲಾರಿಗಟ್ಟಲೆ.
ಹಳಿಯಾಚೆಗೇ ಕಣ್ಣು ನೆಟ್ಟವರಿಗೆ ಲಾರಿ ಕಾಣಲಿಲ್ಲ.
ಶೆಟ್ಟರ ಮಿಲ್ಲು ಮುಚ್ಚಿತು.
"ಇದರಲ್ಲೂ ಅವರೇ ಮೊದಲು" ಎಂದರು ನಮ್ಮ ಯಜಮಾನರು.
ನಗಲಿಲ್ಲ.

ಮರುದಿನ ಮೂರೂ ಹತ್ತಕ್ಕೆ ಗುಂಡಿಯ ಮುಂದೆ ನಿಂತೆ.
ಕಿವಿಯಿಟ್ಟೆ. ಬರೀ ನಾಯಿ.
ಯಾರಿಗಿಂತ ಮೊದಲು? ಹೆಬ್ಬೆರಳು ಕೇಳಿತು.
ಬೆಳಕು ಹರಿಯುವ ತನಕ ಕೂತು
ಆರಕ್ಕೆ ಒತ್ತಿದೆ.
ಊರೆಲ್ಲ, ಇವತ್ಯಾಕೆ ಇಷ್ಟು ತಡ, ಎಂದಿತು.

ನಮ್ಮದು ಇನ್ನೂ ಒಂದು ಪಾಳಿ ಓಡುತ್ತದೆ.
ಓಬಳೇಶ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರುತ್ತಾನೆ,
ಒಗ್ಗರಣೆಗೆ ಪಾಕೀಟಿನ ಎಣ್ಣೆ.
ನಾನು ಹೋದರೆ ಕಣ್ಣೆತ್ತುವುದಿಲ್ಲ,
ಪೊಟ್ಟಣ ಕಟ್ಟುತ್ತ
"ಇವತ್ತು ಎರಡು ನಿಮಿಷ ಲೇಟು" ಅನ್ನುತ್ತಾನೆ.
"ನಿನ್ ಗಡಿಯಾರ ಮುಂದೈತೆ" ಅನ್ನುತ್ತೇನೆ.
ಇಬ್ಬರ ಕೈಯಲ್ಲೂ ಗಡಿಯಾರ ಇಲ್ಲ.
ಖಾರ ಜಾಸ್ತಿ ಹಾಕಿರುತ್ತಾನೆ,
ಬೇಕಂತಲೇ.