ಕಾಲು ಮನೆ ಕೆಳಗೆ

ತಾತ, ನಿನ್ನ ಪಿಯಾನೋ ಸುಳ್ಳು ಹೇಳುತ್ತೆ ಅಂದಳು ನುತ್ಸಾ,
ಎಂಟು ವರ್ಷದವಳು, ಒಂಟಿ ಬೆರಳಲ್ಲಿ
ಕೀಲಿಗಳ ಮೇಲೆ ಏನನ್ನೋ ತಡಕಾಡಿ, ಸಿಗದೆ.
ಕುತಾಯಿಸಿಯಲ್ಲಿ ನಲವತ್ತೊಂದು ವರ್ಷ ಶ್ರುತಿ ಕೂಡಿಸಿದವನು ನಾನು.
ಸಂಗೀತಶಾಲೆ, ಮದುವೆ ಹಾಲು, ರಿಯೋನಿ ನದಿಯ ತೇವಕ್ಕೆ
ಉಬ್ಬಿಕೊಂಡ ಮನೆಮನೆಯ ಮರದ ಹೊಟ್ಟೆಗಳು.
ನನಗೇ ಈ ಮಾತು!

ಅವಳು ಹುಡುಕುತ್ತಿದ್ದದ್ದು ನೀರುನಾಯಿಯ ಹಾಡು.
ಆಟದೊಳಗೊಂದು ನೀರುನಾಯಿ, ಬೆನ್ನಿಗೆ ಅಂಚೆಚೀಲ,
ಸೇತುವೆಗಳ ಕೆಳಗೆ ಹುಟ್ಟು ಹಾಕುತ್ತ ಹೋಗುತ್ತೆ.
ಅವಳಮ್ಮ ಚಿಕ್ಕವಳಿದ್ದಾಗ ಆಡಿದ್ದು; ಸೀಡಿಯ ತುಂಬ ಗೀರು.

ಕಂಪ್ಯೂಟರೋ, ನೋಟರಿ ಕಚೇರಿಯವರು ಹೊರಗೆಸೆದದ್ದು.
ಕೆಳಮನೆಯ ಗೋಚಾ ಅದಕ್ಕೆ ಲಿನಕ್ಸ್ ಹಾಕಿಕೊಟ್ಟ.
ವೈನ್ ಇದೆ ಇದರಲ್ಲಿ, ಹಳೇ ಆಟವೆಲ್ಲ ಓಡುತ್ತೆ ಅಂದ.
ನಮ್ಮ ಇಮೆರೇತಿಯಲ್ಲಿ ವೈನ್ ಅಂದರೆ
ಕತ್ತಿನವರೆಗೆ ನೆಲದಲ್ಲಿ ಹೂತ ಮಣ್ಣಿನ ಹಂಡೆ.
ಇಲ್ಲಿ ಹಂಡೆಯಿಲ್ಲ, ದ್ರಾಕ್ಷಿಯಿಲ್ಲ,
ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವಂತೆ
ಪಕ್ಕದಲ್ಲಿ ನಿಂತು ಪಿಸುಗುಟ್ಟುವ ದುಭಾಷಿ, ಅಷ್ಟೆ.
ಮೊದಲ ರಾತ್ರಿ ಪರದೆ ಕಪ್ಪು.
ಎರಡನೆಯ ರಾತ್ರಿ ನೀರುನಾಯಿ ಬಂತು, ನದಿ ಬರಲಿಲ್ಲ.
ಮೂರನೆಯ ದಿನ ನದಿ ಬಂತು, ದನಿ ಹೋಯಿತು.
ಊದುವುದನ್ನು ಕೊಟ್ಟು ಬಾರಿಸುವುದನ್ನು ತಗೊಂಡ ಹಾಗೆ.
ಕೊನೆಗೆ ದನಿ ಬಂದಾಗ ನಾನು ಮನೆಯಲ್ಲಿರಲಿಲ್ಲ.

ಹಾಗಾಗಿ ಈಗ ಕೂತು ಕೇಳಿದೆ, ಕಣ್ಣುಮುಚ್ಚಿ.
ಹಾಡು ಅರ್ಧ ಮನೆಗಿಂತ ಮೇಲೆ, ಒಂದು ಮನೆಗಿಂತ ಕೆಳಗೆ,
ಬಿಳಿ ಕೀಲಿಗೂ ಕರಿ ಕೀಲಿಗೂ ನಡುವಿನ ಸಂದಿಯಲ್ಲಿ,
ಧೂಳೂ ಯಾರದೋ ಹೇರ್‌ಪಿನ್ನೂ ಬಿದ್ದಿರುವ ಜಾಗದಲ್ಲಿ
ಆರಾಮಾಗಿ ಕೂತಿತ್ತು.
ಹುಡುಗಿಯ ಕಿವಿ ಸರಿ. ನನ್ನ ಪಿಯಾನೋ ಕೂಡ.

ಗೋಚಾನನ್ನು ಕರೆದು ಸೆಟ್ಟಿಂಗ್ಸ್ ಫೈಲು ತೆರೆಸಿದೆ.
ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಚೂರಾಗಿ
ಕೊಯ್ದಿಟ್ಟ ಹಾಡನ್ನು ಯಂತ್ರ
ನಲವತ್ತೆಂಟು ಸಾವಿರದ ಲೆಕ್ಕದಲ್ಲಿ ಗಬಗಬ ನುಂಗುತ್ತಿತ್ತು.
ಒಂದು ಸಾಲು. ಅದರಲ್ಲೊಂದು ಸಂಖ್ಯೆ.
ತಂತಿ ಸಡಿಲಿಸುವ ಕೈಯಲ್ಲೇ ತಿದ್ದಿದೆ.

ಹಾಡು ಇಳಿಯಿತು, ನಿಧಾನವಾಯಿತು, ಕೀಲಿಗೆ ಬಂದು ಕೂತಿತು.
ಪಿಯಾನೋದಲ್ಲಿ ನುಡಿಸಿಯೂ ತೋರಿಸಿದೆ, ತುಸು ಜಂಬದಿಂದಲೇ.
ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದ ಅವಳಮ್ಮ,
ತೋಳಿನ ತುಂಬ ಹಿಟ್ಟು, ಬಾಗಿಲಲ್ಲೇ ನಿಂತು
ಹ್ಞಾ, ಇದೇ, ಇದೇ ಅಂದಳು.
ನುತ್ಸಾ ತುಟಿ ಕಚ್ಚಿಕೊಂಡು ಕೇಳಿದಳು.
ಇದು ನಿಮ್ಮ ನೀರುನಾಯಿ, ಅಂದಳು.
ಇದಕ್ಕೆ ಕಾಗದ ತಲುಪಿಸೋಕೆ ಮನಸ್ಸೇ ಇಲ್ಲ.

ತಿದ್ದಿದ ಸಾಲಿನ ಮುಂದೆ ಒಂದು # ಹಾಕಿದರೆ ಸಾಕು,
ಸಾಲು ಇರುತ್ತೆ, ಯಂತ್ರ ಮಾತ್ರ ಅದನ್ನು ಓದುವುದಿಲ್ಲ.
ಗೋಚಾ ಕಲಿಸಿಕೊಟ್ಟದ್ದು.
ನಮ್ಮ ಕಸುಬಿನಲ್ಲಿ ಹೆಚ್ಚುಕಮ್ಮಿ ಅದೇ ಗುರುತಿಗೆ
ಸ್ವರವನ್ನು ಅರ್ಧ ಮನೆ ಏರಿಸು ಅಂತ ಅರ್ಥ.
ಹಾಕಿದೆ. ಹಾಡು ಏರಿತು. ನೀರುನಾಯಿ ಓಡಿತು.

ಉಳಿದದ್ದು ಪಿಯಾನೋ.
ಏರಿಸುವ ಹಾಗಿಲ್ಲ; ಹಳೆಯ ತಂತಿ, ಹರಿದು ಮುಖಕ್ಕೆ ಹೊಡೆಯುತ್ತೆ.
ಇಳಿಸಬಹುದು. ಕಾಲು ಮನೆ ಇಳಿಸಿ,
ಕರಿದೂ ಬಿಳಿದೂ ಎಣಿಸಿ ಎರಡು ಕೀಲಿ ಬಲಕ್ಕೆ ಸರಿದರೆ
ಅವಳ ಹಾಡು ಸಿಗುತ್ತೆ.
ಇನ್ನೂರಿಪ್ಪತ್ತು ಚಿಲ್ಲರೆ ತಂತಿ.
ಶನಿವಾರ ಹೋಯಿತು, ಭಾನುವಾರವೂ.

ಮೊನ್ನೆ ಸಂಗೀತಶಾಲೆಯ ಮಕ್ವಾಲಾ ಮೇಡಂ ಬಂದಿದ್ದರು.
ಚಹಾ ಕುದಿಯುವ ತನಕ ಸುಮ್ಮನಿರಲಾರದೆ ಒಂದು ಕೀಲಿ ಒತ್ತಿದರು.
ಮತ್ತೆ ಅದನ್ನೇ ಒತ್ತಿದರು. ನನ್ನ ಮುಖ ನೋಡಿದರು.
ವಯಸ್ಸಾಯ್ತಲ್ಲ, ವಾಲಿಕೋ, ಅಂದರು ಮೆಲ್ಲಗೆ.
ಹೌದು ಅಂದೆ. ಸಕ್ಕರೆ ಎಷ್ಟು ಅಂತ ಕೇಳಿದೆ.
ಒಳಗಿನ ಕೋಣೆಯಲ್ಲಿ ಯಾರೋ
ಹನ್ನೊಂದನೆಯ ಸೇತುವೆ ದಾಟುತ್ತಿದ್ದರು.