ಷರಾ

ಕೊರಳಿಗೆ ಹಾಕಿದ ಕಾರ್ಡಿನಲ್ಲಿ
ಸುಗುಣಳ ಕೊಂಬು ಬಿದ್ದು ಸಗುಣಳಾಗಿದ್ದೇನೆ.
ತಿದ್ದಿಸಲು ಹದಿನೈದು ದಿನ ಬೇಕಂತೆ,
ನಾನಿರುವುದೇ ಎಂಟು ವಾರ. ಇರಲಿ ಬಿಡಿ ಎಂದೆ.
ಕೊಂಬಿಲ್ಲದ ಹುಡುಗಿಯೇ ಇಂಥ ಕಡೆ ಕ್ಷೇಮ.

ಸುಂಕದಕಟ್ಟೆಯಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು,
ಎರಡಕ್ಕೂ ಸೊನ್ನೆ ರೂಪಾಯಿ ಟಿಕೆಟ್ಟು.
ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಏಪ್ರಿಲ್ ಇಲ್ಲ,
ವರ್ಷವಿಡೀ ಇಪ್ಪತ್ತೆರಡು ಡಿಗ್ರಿ.
ಚಿತ್ರಗಳಿಗೆ ಸೆಕೆಯಾಗಬಾರದು.
ಮೊದಲ ದಿನ ಸ್ವೆಟರಿಲ್ಲದೆ ನಡುಗಿದೆ,
ಹೊರಗೆ ಮೂವತ್ತಾರು.

ಪೆನ್ನನ್ನು ಬಾಗಿಲಲ್ಲೇ ಇಸಕೊಂಡರು.
ಒಳಗೆ ಪೆನ್ಸಿಲ್ ಮಾತ್ರ. ಶಾಯಿ ಚೆಲ್ಲಿದರೆ ಚೆಲ್ಲಿದ್ದೇ
ಎಂದರು ಫಿಲೋಮಿನಾ ಮೇಡಂ.
ಕೈಗೆ ನೀಲಿ ಗ್ಲೌಸು, ಹಣೆಗೆ ದೀಪ,
ಮುಂದೆ ಒಂದು ನಮೂನೆ:
ಬಿರುಕು, ಕಲೆ, ಬೂಷ್ಟು, ಗೆದ್ದಲು, ಹರಿದದ್ದು,
ಕೊನೆಗೆ ಅರ್ಧ ಅಂಗುಲ ಖಾಲಿ ಜಾಗ, ಷರಾ.

ಜೊತೆಯ ಇಬ್ಬರು ದೆಹಲಿ, ಪುಣೆಯ ಕಾಲೇಜಿನವರು.
ಪ್ಯಾರಿಸ್ಸಿನ ಗಲ್ಲಿಗಳ ಹೆಸರು ಅವರ ಬಾಯಲ್ಲಿ ಸಲೀಸು.
ನಾನು ಬಿ.ಎ. ಎರಡನೇ ವರ್ಷ, ಸರ್ಕಾರಿ ಕಾಲೇಜು,
ತೈಲಚಿತ್ರವನ್ನು ಕಣ್ಣಾರೆ ಕಂಡದ್ದೇ ಇಲ್ಲಿ.
ಅದಕ್ಕೊಂದು ವಾಸನೆಯಿದೆ ಎಂದು
ಯಾವ ಪುಸ್ತಕವೂ ಹೇಳಿರಲಿಲ್ಲ.

ಮೂರನೇ ವಾರ ನನ್ನ ಮೇಜಿಗೆ ಬಂತು
ಮೊಳದಗಲದ ಕ್ಯಾನ್ವಾಸು.
'ಧರ್ಮಾಂಬುಧಿ ಕೆರೆ, ಮುಂಜಾವು.'
ಬರೆದವರು ತಿಳಿಯದು, ಇಸವಿ ತಿಳಿಯದು.
ಕೆರೆ ಮಾತ್ರ ತಿಳಿದದ್ದೇ: ದಿನಕ್ಕೆರಡು ಸಲ
ಅದರ ತಳದಲ್ಲಿ ನಿಂತು ಬಸ್ಸು ಕಾಯುತ್ತೇನೆ.
ತುಂಬಿದ ನೀರು, ಆಚೆ ದಡಕ್ಕೆ ಕಿತ್ತಳೆ ಬೆಳಕು,
ಯಾರೋ ಒಬ್ಬ ಎಮ್ಮೆ ತೊಳೆಯುತ್ತಿದ್ದಾನೆ.

ಬಿರುಕು: ಇದೆ. ಕಲೆ: ಎರಡು.
ಬಲಮೂಲೆಯ ಆಕಾಶದಲ್ಲಿ, ವಾರ್ನಿಷಿನ ಕೆಳಗೆ,
ಬಣ್ಣದ ಒಳಗೇ
ಕಾಲು ಚಾಚಿದ ಒಂದು ಸೊಳ್ಳೆ.

ಮಸೂರ ಹಿಡಿದು ನೋಡಿದೆ. ರೆಕ್ಕೆಯ ಗೆರೆ ಕೂಡ ನೆಟ್ಟಗಿದೆ.
ಹಸಿ ಬಣ್ಣದ ಮೇಲೆ ಕೂತು ಏಳಲಾಗದೆ ಉಳಿದದ್ದು.
ಕುಂಚದವನು ಕಂಡನೋ, ಬೈದನೋ,
ಕಿತ್ತರೆ ಮೋಡ ಕೆಟ್ಟೀತೆಂದು ಹಾಗೇ ಬಿಟ್ಟನೋ.
ಆ ನೀರಿನಲ್ಲಿ ಹುಟ್ಟಿದ್ದರಲ್ಲಿ
ಈಗ ಮೈಸಮೇತ ಉಳಿದಿರುವುದು ಇದೊಂದೇ ಇರಬೇಕು.

ಪುಣೆಯ ಹುಡುಗ ಫೋಟೋ ತೆಗೆದ.
ಮೇಡಂ ಕನ್ನಡಕ ಏರಿಸಿ, 'ಕೀಟ, ಒಂದು' ಅಂತ ಬರಿ ಎಂದರು.
ಕಾವಲಿನ ಮುನಿಯಲ್ಲಪ್ಪ, ಇಪ್ಪತ್ತಾರು ವರ್ಷದಿಂದ
ಚಿತ್ರಗಳಿಗೆ ಬೆನ್ನು ಕೊಟ್ಟು ನಿಂತವನು,
ಅವತ್ತು ತಿರುಗಿ ಬಗ್ಗಿದ:
'ಸೊಳ್ಳೇನಾ? ಹಂಗಾದ್ರೆ ಇದು ಬೆಳಗಲ್ಲಮ್ಮ, ಮುಸ್ಸಂಜೆ.
ಕೆರೆ ದಂಡೇಲಿ ಅವು ಏಳೋದೇ ದೀಪ ಹಚ್ಚೋ ಹೊತ್ಗೆ.
ಎಮ್ಮೆ ಹೊಟ್ಟೆ ನೋಡು. ಮೇದ್ಕೊಂಡು ಬಂದೈತೆ.'

ಯಾರೂ ಮಾತಾಡಲಿಲ್ಲ. ಏಸಿ ಗುಂಯ್‌ಗುಟ್ಟುತ್ತಿತ್ತು.
ಅಷ್ಟು ವರ್ಷ ಹುಟ್ಟುತ್ತಲೇ ಇದ್ದ ಸೂರ್ಯ
ನಮ್ಮ ಐವರ ಕಣ್ಣೆದುರು ಮುಳುಗತೊಡಗಿದ.

ಷರಾದ ಅರ್ಧ ಅಂಗುಲದಲ್ಲಿ ಅಕ್ಷರ ಒತ್ತಿ ಕೂರಿಸಿದೆ:
'ಸಂಜೆ ಇರಬಹುದು. ಸಾಕ್ಷಿ: ಸೊಳ್ಳೆ, ಎಮ್ಮೆ.
ಹೇಳಿದವರು: ಮುನಿಯಲ್ಲಪ್ಪ.'
ಮೇಡಂ ರಬ್ಬರು ಎತ್ತಿಕೊಂಡರು, ಓದಿದರು,
ರಬ್ಬರನ್ನು ಡ್ರಾಯರಿಗೆ ಹಾಕಿ ಊಟಕ್ಕೆ ಹೋದರು.
ಪೆಟ್ಟಿಗೆಯ ಮೇಲಿನ ಚೀಟಿ
ಈಗಲೂ ಮುಂಜಾವು ಎನ್ನುತ್ತದೆ.

ಕೊನೆಯ ದಿನ ಪ್ರಮಾಣಪತ್ರ ಕೊಟ್ಟರು. ಅದರಲ್ಲೂ ಸಗುಣ.
ಮೆಜೆಸ್ಟಿಕ್ಕಿನಲ್ಲಿ ಸುಂಕದಕಟ್ಟೆ ಬಸ್ಸಿಗೆ ಜನವೋ ಜನ.
ಪ್ಲಾಟ್‌ಫಾರ್ಮಿನ ದೀಪ ಒಂದೊಂದೇ ಹತ್ತುವಾಗ
ಮುಂಗೈ ಚುರುಕ್ಕೆಂದಿತು.
ಹೊಡೆದುಬಿಟ್ಟೆ. ಅಭ್ಯಾಸ.
ಅಂಗೈಯಲ್ಲಿ ಚಾಚಿದ ಕಾಲು, ಒಂದು ಚುಕ್ಕೆ ಕೆಂಪು,
ನನ್ನದೋ, ಕ್ಯೂನಲ್ಲಿ ನನಗಿಂತ ಮುಂದಿದ್ದವರದೋ.
ಇನ್ನೂ ಹಸಿ.