ಮಾಗಿರ್?

ಆ ಸಿನಿಮಾದ ಹೆಸರು ಈಗಲೂ ನೆನಪಿಲ್ಲ, ಬಿಡಿ.
ನಾಯಕನಿಗೊಂದು ನಾಯಿ, ನಾಯಕಿಗೊಂದು ಬೇಕರಿ,
ಇಬ್ಬರ ಗೋಡೆಯ ಮೇಲೂ ಹಾರ ಹಾಕಿದ ಒಂದೊಂದು ಫೋಟೋ.
ನಗಿಸುವ ಸಿನಿಮಾ ಅಂತ ನಾದಿನಿ ಟಿಕೆಟ್ ಕೊಟ್ಟು ತಳ್ಳಿದ್ದಳು:
'ಹೊಲಿಗೆ ಮಷೀನಿನ ಮುಖ ಎಷ್ಟಂತ ನೋಡ್ತಿ ವೈನಿ, ಹೋಗು.'

ಕಾರವಾರದ ಟಾಕೀಸು. ಭಾನುವಾರದ ಸಂತೆ ಮುಗಿದ ಸಂಜೆ.
ಬಾಲ್ಕನಿಯಲ್ಲಿ ಹದಿನಾರು ಜನ, ತಿರುಗುವ ಫ್ಯಾನು ಎರಡು.
ಪಕ್ಕದ ಕುರ್ಚಿಗೆ ಬಂದು ಕೂತವರು
ಬೈತಖೋಲದ ಐಸ್ ಫ್ಯಾಕ್ಟರಿಯ ದತ್ತಾರಾಮ ತಾಂಡೇಲ.
ಹೆಸರು ತಿಳಿದದ್ದು ಆಮೇಲೆ. ಆಗ ತಿಳಿದದ್ದು ಇಷ್ಟೇ:
ತಪ್ಪಿ ತಾಗಿದ ಮೊಣಕೈ
ಏಪ್ರಿಲ್ಲಿನ ಸೆಖೆಯಲ್ಲೂ ತಣ್ಣಗಿತ್ತು.

ನನ್ನವನು ಸಿನಿಮಾಕ್ಕೆ ಬರುತ್ತಿದ್ದದ್ದೇ ಮಲಗಲಿಕ್ಕೆ.
ಮೊದಲ ಹಾಡಿಗೆ ಗೊರಕೆ, ಮಧ್ಯಂತರಕ್ಕೆ ಚಹಾ, ಮತ್ತೆ ಗೊರಕೆ.
ವಾಪಸು ಬರುವಾಗ ಬೈಕಿನ ಮೇಲೆ, 'ಈಗ ಹೇಳು ಕತೆ.'
ನಾನು ಅವನ ಬೆನ್ನಿಗೆ ಹೇಳುತ್ತಿದ್ದೆ.
ಕೋಡಿಬಾಗದಲ್ಲಿ ಜಗಳ, ಕಾಳಿ ಸೇತುವೆಯ ನಡುವೆ ಖಳನ ಸಾವು,
ಸದಾಶಿವಗಡ ಬರುವಷ್ಟರಲ್ಲಿ ಮದುವೆ ಆಗಿಬಿಡಬೇಕು.
ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗಿ
'ಮಾಗಿರ್? ಆಮೇಲೆ?' ಅಂತ ಕೂಗುತ್ತಿದ್ದ ಮುಂದಿನಿಂದ.
ಅವನು ಹೋದದ್ದೂ ನಿದ್ದೆಯಲ್ಲೇ.
ಹಿಂದಿನ ದಿನ ನೋಡಿದ ಪಿಕ್ಚರಿನ ಕತೆ ಅರ್ಧ ಉಳಿದಿತ್ತು.

ಇತ್ತ ಪರದೆಯ ಮೇಲೆ
ನಾಯಕಿ ಕೇಕಿಗೆ ಸಕ್ಕರೆಯ ಬದಲು ಉಪ್ಪು ಸುರಿದಳು.
ನಾಯಕ ಕಣ್ಣು ಪಿಳಿಪಿಳಿ ಮಾಡುತ್ತ ಪೂರ್ತಿ ತಿಂದ.
ಹದಿನೈದು ಜನ ನಕ್ಕರು, ನಾನೂ ಸೇರಿ.
ಪಕ್ಕದಿಂದ ಮಾತ್ರ ಬಿಕ್ಕಿದ ಸದ್ದು.
ಏನು ಮಾಡಲಿ, ಶೇಂಗಾ ಪೊಟ್ಟಣ ಮುಂದೆ ಹಿಡಿದೆ.
'ಅಳಬೇಡಿ, ಅವಳು ಗೊತ್ತಿದ್ದೇ ಹಾಕಿದ್ದು,
ಇವನು ತಿಂತಾನೋ ಇಲ್ಲವೋ ನೋಡಲಿಕ್ಕೆ.'
'ಹೌದಾ?' ಮೂಗೊರೆಸಿಕೊಂಡರು.
'ನನಗೆ ಸಿನಿಮಾ ಅರ್ಥವಾಗದೆ ನಾಲ್ಕು ವರ್ಷ.
ನಮ್ಮವಳು ಕಿವಿಯಲ್ಲಿ ಹೇಳ್ತಾ ಇದ್ದಳು,
ಇವನೇ ಕಳ್ಳ ನೋಡ್ತಿರಿ, ಅವಳು ಸತ್ತಿಲ್ಲ, ವೇಷ...
ಬಾಯಿ ಮುಚ್ಚೇ ಮಾರಾಯ್ತಿ ಅಂತಿದ್ದೆ.
ಮುಚ್ಚಿಬಿಟ್ಟಳು.'

ಅದಕ್ಕೆ ಏನು ಹೇಳುತ್ತಾರೆ?
ನಾನು ನಾಯಿಯ ಬಗ್ಗೆ ಹೇಳಿದೆ.
ಆ ನಾಯಿ ನಿಜಕ್ಕೂ ಸತ್ತ ಹೆಂಡತಿಯದು,
ಅದಕ್ಕೇ ಬೇಕರಿಯವಳನ್ನು ಕಂಡರೆ ಗುರ್ ಅನ್ನುತ್ತದೆ,
ಇನ್ನು ಎರಡು ಹಾಡಿನೊಳಗೆ ಅವಳ ಕಾಲಬುಡದಲ್ಲೇ ಮಲಗುತ್ತದೆ, ಬೇಕಾದರೆ ಪಂಥ.
ಒಂದೇ ಹಾಡಿಗೆ ಮಲಗಿತು.
ತಾಂಡೇಲರು ಮಗುವಿನಂತೆ ಚಪ್ಪಾಳೆ ತಟ್ಟಿದರು,
ಮುಂದಿನ ಸಾಲಿನವನು ತಿರುಗಿ 'ಶ್!' ಅಂದ.

ಕೊನೆ ನೋಡಲಿಕ್ಕಾಗಲಿಲ್ಲ.
ಒಂಬತ್ತು ಹತ್ತಕ್ಕೆ ಮಾಜಾಳಿಯ ಕಡೇ ಬಸ್ಸು.
ನಾನೆದ್ದೆ, ಅವರೂ ಎದ್ದರು. 'ನನಗೂ ಅದೇ ಬಸ್ಸು.'
ಸೇತುವೆಯ ಮೇಲೆ, ಕೆಳಗೆ ಕಪ್ಪು ನೀರು,
ದೋಣಿಯೊಂದರ ಲಾಟೀನು,
ಹಿಂದಿನ ಸೀಟಿನಿಂದ ಸಣ್ಣಗೆ:
'ಮಾಗಿರ್?'

ಎದೆಯೊಳಗೆ ಸೂಜಿಯ ದಾರ ತಟ್ಟನೆ ತುಂಡಾಯಿತು.
ಕಿಟಕಿಯ ಸರಳು ಹಿಡಿದು ಕೂತೆ.
ಆಮೇಲೆ, ಬಾಯಿಗೆ ಬಂದ ಹಾಗೆ ಹೆಣೆದೆ:
ಫೋಟೋ ಇಬ್ಬರೂ ತೆಗೆಯಲಿಲ್ಲ,
ಒಂದೇ ಗೋಡೆಗೆ ಎರಡು ಮೊಳೆ ಹೊಡೆದರು,
ಮೊಳೆ ಹೊಡೆಯುವಾಗ ಜಗಳವಾಯಿತು, ಮಟ್ಟ ಸರಿಯಿಲ್ಲ ಅಂತ.

ಸದಾಶಿವಗಡದಲ್ಲಿ ನಾನಿಳಿದೆ. ಅವರೂ ಇಳಿದರು.
ಕಂಡಕ್ಟರ್ ತಲೆ ಹೊರಹಾಕಿ,
'ತಾಂಡೇಲರೇ, ಬೈತಖೋಲ ಆ ಕಡೆ ಅಲ್ಲವಾ?'
ಶಿಳ್ಳೆ ಹೊಡೆದು ಹೋಗಿಯೇಬಿಟ್ಟ, ಪಾಪಿ.

ದೀಪದ ಕಂಬದ ಕೆಳಗೆ
ಐವತ್ತೊಂದು ವರ್ಷದ ಗಂಡಸು
ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದರು.
'ಕತೆ ಮುಗಿದಿರಲಿಲ್ಲ ನೋಡಿ, ಅದಕ್ಕೆ...'
ಅಂದು, ಸೇತುವೆಯ ಕಡೆ ನಡೆದರು,
ಎರಡು ಸಲ ತಿರುಗಿ ನೋಡಿ.
ಮೂರನೆಯ ಸಲ ನೋಡಿದರೋ ಗೊತ್ತಿಲ್ಲ, ಲಾರಿ ಅಡ್ಡ ಬಂತು.

ರಾತ್ರಿ ಅನ್ನಕ್ಕೆ ಸೋಲ್ಕಡಿ ಸುರಿದುಕೊಂಡು
ಗೋಡೆಯ ಮೇಲಿನವನಿಗೆ ಎಲ್ಲ ಹೇಳಿದೆ.
ನಾಯಿ ಹೇಳಿದೆ, ಬೇಕರಿ ಹೇಳಿದೆ, ಉಪ್ಪಿನ ಕೇಕು ಹೇಳಿದೆ.
ಐಸ್ ಫ್ಯಾಕ್ಟರಿ ಅನ್ನುವಲ್ಲಿ ನಾಲಿಗೆ ತಡವರಿಸಿತು.
ಹಾರ ಸ್ವಲ್ಪ ವಾಲಿತ್ತು, ಸರಿ ಮಾಡಿದೆ.
ನಿದ್ದೆಗಣ್ಣಿನವನು, ಎಂದಿನಂತೆ,
ಮಾಗಿರ್? ಅಂದ.